ಹಕ್ಕಿ ಲೆಕ್ಕದ ಪಕ್ಕದಲ್ಲಿ ನೀರಿನ ಮಟ್ಟವೂ ಇರಲಿ

ಮಾನ್ಯ ಸಂಪಾದಕರೇ,

ಚಳಿಗಾಲದಲ್ಲಿ ಕೊಡಗಿನ ಹಾರಂಗಿ, ಚಿಕ್ಲಿಹೊಳೆ ಜಲಾಶಯಗಳಿಗೆ ಹೋಗಿಬಂದವರು ‘ಈ ಸಲ ವಲಸೆ ಬಾತುಗಳೇ ಇಲ್ಲ’ ಎನ್ನುವುದುಂಟು. ಹಾಗೆ ತೀರ್ಮಾನಿಸುವ ಮೊದಲು ಆ ದಿನ ಜಲಾಶಯದಲ್ಲಿ ನೀರೆಷ್ಟಿತ್ತು ಎಂದು ಕೇಳಬೇಕು.

ವಲಸೆ ಬರುವ ಗಾರ್ಗನಿ ಬಾತು, ಸೂಜಿಬಾಲದ ಬಾತು, ನಮ್ಮಲ್ಲೇ ಇರುವ ವರಟೆ ಬಾತು ಇವು ಆಳಕ್ಕೆ ಮುಳುಗಿ ಮೇಯುವುದಿಲ್ಲ. ತಲೆ ಕೆಳಗೆ, ಬಾಲ ಮೇಲೆ ಮಾಡಿ ಕೊಕ್ಕಿಗೆ ಎಟುಕಿದ್ದನ್ನು ತಿನ್ನುತ್ತವೆ. ಒಂದೂವರೆ ಅಡಿ ದಾಟಿದರೆ ಆ ನೀರು ಅವಕ್ಕೆ ಮೇವಿನ ಜಾಗವಲ್ಲ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಡಿಸೆಂಬರ್‌ವರೆಗೂ ಮಳೆ ಹಿಡಿದು ಜಲಾಶಯ ತುಂಬಿಯೇ ಇದ್ದರೆ ಕೆಸರಿನ ದಡವೇ ತೆರೆದುಕೊಳ್ಳುವುದಿಲ್ಲ. ಬಾತುಗಳು ಕೆರೆ, ಗದ್ದೆಗಳ ಕಡೆ ಚದುರುತ್ತವೆ. ನೀರುಕಾಗೆ, ಗುಳುಮುಳುಕಗಳು ಮಾತ್ರ ಆಗಲೂ ಇರುತ್ತವೆ, ಅವು ಮುಳುಗಿ ಹಿಡಿಯುವವು. 1987ರಿಂದ ಏಷ್ಯಾದಲ್ಲಿ ಪ್ರತಿ ಜನವರಿ ನಡೆಯುತ್ತಿರುವ ನೀರುಹಕ್ಕಿ ಗಣತಿಯ ಅಂಕಿಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸುವಾಗಲೂ ಇದನ್ನು ಮರೆಯಬಾರದು.

ಮಂಜು ಇನ್ನೊಂದು ತೊಡಕು. ಎದುರು ದಡ ಕಾಣದಿದ್ದರೆ ಎಣಿಸಲೇಬೇಡಿ. ಪಟ್ಟಿಯಲ್ಲಿ ‘ಸೊನ್ನೆ’ ಎಂದಲ್ಲ, ‘ಕಾಣಲಿಲ್ಲ’ ಎಂದು ಬರೆಯಿರಿ. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಹೊರಗಿನ ಗಾಳಿಗಿಂತ ತಣ್ಣಗಿರುವ ಕಾರಿನಿಂದ ತೆಗೆದ ಬೈನಾಕ್ಯುಲರ್‌ನ ಗಾಜಿಗೂ ಮಂಜು ಕಟ್ಟುತ್ತದೆ, ಹತ್ತು ನಿಮಿಷ ಹೊರಗಿಟ್ಟು ಬಳಸಿ. ಬೆಳಿಗ್ಗೆ ಸೂರ್ಯ ಬೆನ್ನಿಗಿರಲೆಂದು ಪೂರ್ವ ದಡದಲ್ಲಿ ನಿಲ್ಲುತ್ತೇವೆ. ಆದರೆ ಮೂಡಣ ಗಾಳಿ ಜೋರಾಗಿದ್ದ ದಿನ ಬಾತುಗಳೂ ಗಾಳಿ ತಪ್ಪಿಸಿಕೊಳ್ಳಲು ಅದೇ ದಡದ ಮರೆಗೆ ಬಂದಿರುತ್ತವೆ. ನೇರ ನೀರಿಗಿಳಿದರೆ ಇಡೀ ಹಿಂಡು ಏಳುತ್ತದೆ. ಏರಿಯ ಮೇಲೋ ಮರದ ಮರೆಯಲ್ಲೋ ನಿಂತು ನೋಡುವುದೇ ಸರಿ. ನಸುಕಿನಲ್ಲಿ ಕಾಡಂಚಿನ ದಡದಲ್ಲಿ ಆನೆಯ ಭಯವೂ ಇದೆ.

ಜನವರಿಯವರೆಗೂ ಗಂಡು ಗಾರ್ಗನಿಗಳಲ್ಲಿ ಹಲವಕ್ಕೆ ಬಿಳಿ ಹುಬ್ಬು ಮೂಡಿರುವುದಿಲ್ಲ, ಹೆಣ್ಣಿನಂತೆಯೇ ಕಾಣುತ್ತವೆ. ಹುಬ್ಬನ್ನೇ ನಂಬಿ ಕೂತವರು ಅವನ್ನು ಕಾಮನ್ ಟೀಲ್ ಎಂಬ ಇನ್ನೊಂದು ಬಾತು ಎಂದು ಬರೆದುಬಿಡುತ್ತಾರೆ. ಹಾರುವಾಗ ರೆಕ್ಕೆಯ ಮುಂಭಾಗ ತಿಳಿ ನೀಲಿ ಬೂದು ಕಂಡರೆ ಅದು ಗಂಡು ಗಾರ್ಗನಿ.

ಹಿಂಡು ದೊಡ್ಡದಿದ್ದರೆ ಹತ್ತನ್ನು ಎಣಿಸಿ, ಆ ಅಳತೆಯಲ್ಲಿ ಎಡದಿಂದ ಬಲಕ್ಕೆ ಸಾಗಿ. ಇಪ್ಪತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಎಣಿಸಿ. ನಡುವೆ ಹಿಂಡು ಎದ್ದು ಜಾಗ ಬದಲಿಸಿದರೆ ಮೊದಲಿನಿಂದ ಶುರುಮಾಡಿ, ಇಲ್ಲವಾದರೆ ಅದೇ ಹಕ್ಕಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಸಂಖ್ಯೆಯ ಪಕ್ಕ ಸಮಯ, ಮೋಡ, ಗಾಳಿ, ನೀರಿನ ಮಟ್ಟ ಇರಲಿ.

ಈ ಕೊನೆಯದಕ್ಕೇ ತಮ್ಮ ಸಹಾಯ ಬೇಕು. ಮಳೆಗಾಲದಲ್ಲಿ ಹಾರಂಗಿಯ ಗರಿಷ್ಠ ಮಟ್ಟ 2,859 ಅಡಿ, ಇಂದಿನ ಮಟ್ಟ ಇಷ್ಟು ಎಂದು ಪತ್ರಿಕೆಗಳು ದಿನವೂ ಪ್ರಕಟಿಸುತ್ತವೆ. ಅದನ್ನು ಫೆಬ್ರುವರಿ ಕೊನೆಯವರೆಗೆ, ವಾರಕ್ಕೊಮ್ಮೆಯಾದರೂ, ಚಿಕ್ಲಿಹೊಳೆಯ ಮಟ್ಟವನ್ನೂ ಸೇರಿಸಿ ಮುಂದುವರಿಸಬೇಕೆಂದು ಕೋರುತ್ತೇವೆ.

– ಪಕ್ಷಿ ವೀಕ್ಷಕರು, ಕುಶಾಲನಗರ