ಚೀನಾ ಸುದ್ದಿಗೆ ಹಿನ್ನೆಲೆಯೂ ಬೇಕು

ಮಾನ್ಯ ಸಂಪಾದಕರೇ,

ಚೀನಾದ ಸುದ್ದಿ ಬಂದಾಗಲೆಲ್ಲ ನಮ್ಮ ಕನ್ನಡ ಪತ್ರಿಕೆಗಳ ತಲೆಬರಹಗಳಲ್ಲಿ ‘ಡ್ರ್ಯಾಗನ್’, ‘ಕುತಂತ್ರಿ’ ಎಂಬ ಪದಗಳು ಕಾಣಿಸಿಕೊಳ್ಳುತ್ತವೆ. 2020ರ ಜೂನ್ 15ರ ರಾತ್ರಿ ಗಲ್ವಾನ್ ಕಣಿವೆಯಲ್ಲಿ ಪ್ರಾಣ ಕೊಟ್ಟ ನಮ್ಮ 20 ಯೋಧರನ್ನು ನೆನೆದಾಗ ಹುಟ್ಟುವ ಸಿಟ್ಟು ನನ್ನಲ್ಲೂ ಇದೆ. ಆದರೆ ಇಂಥ ಪದಗಳು ಆ ದೇಶದ ವಿದೇಶಾಂಗ ನೀತಿಯನ್ನು ಹುಟ್ಟುಗುಣವೆಂಬಂತೆ ತೋರಿಸಿ, ಏಳು ದಶಕಗಳಲ್ಲಿ ಅದು ಯಾವ ಅಗತ್ಯಗಳಿಗಾಗಿ ಹೇಗೆ ಬದಲಾಯಿತು ಎಂಬುದನ್ನು ಓದುಗರಿಂದ ಮರೆಮಾಡುತ್ತವೆ. ಉತ್ತರ ಕನ್ನಡದವರಾದ ನಮಗೆ ಇದು ದೂರದ ಮಾತಲ್ಲ. ಆ ನೀತಿಯ ಮೊದಲ ಹಂತದ ಪರಿಣಾಮ ಮುಂಡಗೋಡದ ಟಿಬೆಟ್ ನಿರಾಶ್ರಿತರ ನೆಲೆಯಲ್ಲಿ ಕಣ್ಣೆದುರಿಗಿದೆ.

1949ರಲ್ಲಿ ಅಧಿಕಾರ ಹಿಡಿದ ಮಾವೋ ಸರ್ಕಾರದ ಮೊದಲ ಚಿಂತೆ ಗಡಿಯದಾಗಿತ್ತು. 1950ರಲ್ಲಿ ಅದು ಒಂದೆಡೆ ಸೋವಿಯತ್ ಒಕ್ಕೂಟದೊಂದಿಗೆ ಮೈತ್ರಿ ಒಪ್ಪಂದ ಮಾಡಿಕೊಂಡಿತು, ಇನ್ನೊಂದೆಡೆ ಟಿಬೆಟ್‌ಗೆ ಸೇನೆ ನುಗ್ಗಿಸಿತು. ನಾವು ಶಾಲೆಯಲ್ಲಿ ಕಲಿತ ಪಂಚಶೀಲವು, ಅಂದರೆ ಭಾರತ–ಚೀನಾ ನಡುವಿನ ಶಾಂತಿಯುತ ಸಹಬಾಳ್ವೆಯ ಐದು ತತ್ವಗಳು, 1954ರ ಏಪ್ರಿಲ್ 29ರಂದು ಸಹಿಯಾದ, ಟಿಬೆಟ್ ಜೊತೆಗಿನ ವ್ಯಾಪಾರ ಮತ್ತು ಸಂಚಾರಕ್ಕೆ ಸಂಬಂಧಿಸಿದ ಒಪ್ಪಂದದ ಪೀಠಿಕೆಯಾಗಿತ್ತು ಎಂಬುದನ್ನು ನಮಗೆ ಯಾರೂ ಒತ್ತಿ ಹೇಳಲಿಲ್ಲ. ಆ ಒಪ್ಪಂದದ ಅವಧಿ ಎಂಟೇ ವರ್ಷ; 1962ರ ಜೂನ್‌ನಲ್ಲಿ ಅದು ಮುಗಿಯಿತು, ಅಕ್ಟೋಬರ್‌ನಲ್ಲಿ ಯುದ್ಧ ಬಂತು. ಈ ನಡುವೆ 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಬಂದ ನಿರಾಶ್ರಿತರಲ್ಲಿ ಒಂದು ಭಾಗ 1966ರಿಂದ ಮುಂಡಗೋಡದಲ್ಲಿ ನೆಲೆ ಕಂಡಿತು. ಲಾಸಾ ಸಮೀಪದ ಡ್ರೆಪುಂಗ್, ಗಾಂದೆನ್ ಮಠಗಳು ನಮ್ಮ ಜಿಲ್ಲೆಯಲ್ಲಿ ಮತ್ತೆ ಎದ್ದು ನಿಂತದ್ದು ಹೀಗೆ.

ಅದೇ ಚೀನಾ 1969ರಲ್ಲಿ ಹಳೆಯ ಮಿತ್ರ ಸೋವಿಯತ್ ಒಕ್ಕೂಟದೊಂದಿಗೆ ಗಡಿಯ ಉಸುರಿ ನದಿಯ ದಂಡೆಯಲ್ಲಿ ಗುಂಡಿನ ಕಾಳಗ ನಡೆಸಿತು; 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರನ್ನು ಬೀಜಿಂಗ್‌ನಲ್ಲಿ ಬರಮಾಡಿಕೊಂಡಿತು. ಸಿದ್ಧಾಂತಕ್ಕಿಂತ ಗಡಿಯ ಭದ್ರತೆಯೇ ಅದಕ್ಕೆ ದೊಡ್ಡದಾಗಿತ್ತು ಎಂದು ನಾನು ತಿಳಿಯುತ್ತೇನೆ. 1978ರ ನಂತರ ಡೆಂಗ್ ಶಿಯೋಪಿಂಗ್ ಕೈಗೊಂಡ ಆರ್ಥಿಕ ಸುಧಾರಣೆಗಳಿಗೆ ನೆರೆಹೊರೆಯಲ್ಲಿ ಶಾಂತಿ ಬೇಕಿತ್ತು. ರಾಜೀವ್ ಗಾಂಧಿಯವರ 1988ರ ಭೇಟಿ ಮತ್ತು 1993, 1996ರ ಗಡಿ ಒಪ್ಪಂದಗಳು ಆ ಕಾಲದವು. ವಾಸ್ತವ ನಿಯಂತ್ರಣ ರೇಖೆಯ 2 ಕಿ.ಮೀ. ವ್ಯಾಪ್ತಿಯಲ್ಲಿ ಗುಂಡು ಹಾರಿಸಬಾರದೆಂದು 1996ರ ಒಪ್ಪಂದ ಹೇಳುತ್ತದೆ. ಗಲ್ವಾನ್‌ನಲ್ಲಿ ದೊಣ್ಣೆ, ಕಲ್ಲುಗಳಿಂದ ಹೊಡೆದಾಟವಾದದ್ದೇಕೆ ಎಂದು ಕೇಳುವ ಯುವಕರಿಗೆ ಇದನ್ನು ತಿಳಿಸಬೇಕು.

ಕರಾವಳಿಯವರು ಹೆಚ್ಚು ಗಮನಿಸಬೇಕಾದ ತಿರುವು ಇದರ ಮುಂದಿನದು. ತನ್ನ ತೈಲ ತನಗೆ ಸಾಲದೆ ಚೀನಾ 1993ರಲ್ಲಿ ಆಮದಿನ ಮೇಲೆ ಅವಲಂಬಿತವಾಯಿತು. ಪಶ್ಚಿಮ ಏಷ್ಯಾದಿಂದ ಆ ತೈಲದ ಬಹುಪಾಲು ಹಿಂದೂ ಮಹಾಸಾಗರ ದಾಟಿ, ಮಲೇಷ್ಯಾ ಮತ್ತು ಇಂಡೊನೇಷ್ಯಾ ನಡುವಿನ ಮಲಕ್ಕಾ ಜಲಸಂಧಿಯ ಮೂಲಕ ಹೋಗುತ್ತದೆ. ಹದಿನಾಲ್ಕು ನೆರೆ ದೇಶಗಳ ಪೈಕಿ ಹನ್ನೆರಡರೊಂದಿಗೆ ನೆಲದ ಗಡಿಯನ್ನು ಇತ್ಯರ್ಥ ಮಾಡಿಕೊಂಡು, ಭಾರತ ಮತ್ತು ಭೂತಾನಗಳೊಂದಿಗಿನ ಗಡಿಯನ್ನು ಮಾತ್ರ ಬಾಕಿ ಉಳಿಸಿಕೊಂಡ ಆ ದೇಶ ಕಡಲಿನತ್ತ ಮುಖ ಮಾಡಿತು. 2008ರ ಡಿಸೆಂಬರ್‌ನಲ್ಲಿ ಕಡಲ್ಗಳ್ಳರ ಹಾವಳಿ ತಡೆಯಲೆಂದು ಅದರ ಯುದ್ಧನೌಕೆಗಳು ಅರಬ್ಬೀ ಸಮುದ್ರದ ಪಶ್ಚಿಮಕ್ಕಿರುವ ಏಡನ್ ಕೊಲ್ಲಿಗೆ ಹೊರಟವು. 2013ರಲ್ಲಿ ಶಿ ಜಿನ್‌ಪಿಂಗ್ ಜಕಾರ್ತಾದಲ್ಲಿ ಬಂದರುಗಳನ್ನು ಜೋಡಿಸುವ ಸಾಗರ ರೇಷ್ಮೆ ಮಾರ್ಗದ ಪ್ರಸ್ತಾಪ ಮುಂದಿಟ್ಟರು. ಕಡಲಿಗಿಂತ ನೆಲವೇ ಮೇಲೆಂಬ ಹಳೆಯ ಮನೋಭಾವವನ್ನು ಬಿಡಬೇಕೆಂದು 2015ರ ಸೇನಾ ಶ್ವೇತಪತ್ರ ನೇರವಾಗಿ ಹೇಳಿತು. 2017ರಲ್ಲಿ ಆಫ್ರಿಕಾದ ಜಿಬೂತಿಯಲ್ಲಿ ಚೀನಾ ನೌಕಾನೆಲೆ ತೆರೆಯಿತು. ಶ್ರೀಲಂಕಾದ ಹಂಬನ್‌ತೋಟ ಬಂದರು 99 ವರ್ಷಗಳ ಗುತ್ತಿಗೆಗೆ ಸಿಕ್ಕಿದ್ದೂ ಅದೇ ವರ್ಷ.

ನಾವೆಲ್ಲ ‘ಸೀಬರ್ಡ್’ ಎಂದೇ ಕರೆಯುವ ಕಾರವಾರದ ಕದಂಬ ನೌಕಾನೆಲೆಗೆ ರಾಜೀವ್ ಗಾಂಧಿಯವರು 1986ರಲ್ಲಿ ಅಡಿಗಲ್ಲು ಹಾಕಿದಾಗ ಚೀನಾದ ನೌಕೆಗಳ ಪ್ರಶ್ನೆ ಅಷ್ಟಾಗಿ ಇರಲಿಲ್ಲ. ಮುಂಬೈ ಬಂದರಿನ ದಟ್ಟಣೆ ದೊಡ್ಡ ಕಾರಣವಾಗಿತ್ತು. ಇಂದು ಅದೇ ನೆಲೆಯ ಮಹತ್ವ ಬೇರೆಯಾಗಿದೆ. ಕಾರವಾರವನ್ನೇ ತವರುನೆಲೆ ಮಾಡಿಕೊಂಡ ನಮ್ಮ ವಿಮಾನವಾಹಕ ನೌಕೆ ‘ವಿಕ್ರಮಾದಿತ್ಯ’ ಮತ್ತು ಚೀನಾದ ಮೊದಲ ವಿಮಾನವಾಹಕ ನೌಕೆ ‘ಲಿಯಾವೊನಿಂಗ್’ ಎರಡೂ ಸೋವಿಯತ್ ಕಾಲದಲ್ಲಿ ಉಕ್ರೇನಿನ ಮಿಕೊಲಾಯಿವ್ ಹಡಗುಕಟ್ಟೆಯಲ್ಲಿ ಹುಟ್ಟಿದವು ಎಂದು ಓದಿದಾಗ ನಾನು ಬಹಳ ಹೊತ್ತು ಯೋಚಿಸುತ್ತ ಕುಳಿತಿದ್ದೆ.

ಈ ನೌಕಾನೆಲೆಗಾಗಿ ಅರಗಾ ಮೊದಲಾದ ಊರುಗಳ ಜನ ಮನೆ, ಗದ್ದೆ, ದೇವರ ಬನ, ದೋಣಿ ಎಳೆಯುವ ದಂಡೆಯನ್ನು ದೇಶಕ್ಕಾಗಿ ಬಿಟ್ಟುಕೊಟ್ಟಿದ್ದಾರೆ. ಆ ನೆಲೆಯ ಆಚೆಗಿನ ಕಡಲಲ್ಲಿ ಏನು ನಡೆಯುತ್ತಿದೆ, ಏಕೆ ನಡೆಯುತ್ತಿದೆ ಎಂಬುದನ್ನು ತಮ್ಮ ಭಾಷೆಯಲ್ಲಿ ವಿವರವಾಗಿ ಓದುವ ಹಕ್ಕು ಅವರಿಗಿದೆ. ಆದ್ದರಿಂದ ಚೀನಾ ಕುರಿತ ಪ್ರತಿ ದೊಡ್ಡ ಸುದ್ದಿಯ ಪಕ್ಕದಲ್ಲಿ ನಾಲ್ಕು ಸಾಲಿನ ಹಿನ್ನೆಲೆಯನ್ನಾದರೂ ಕೊಡಬೇಕೆಂದೂ, ಆ ದೇಶದ ಸರ್ಕಾರಿ ದಾಖಲೆಗಳನ್ನು ಮೂಲ ಚೀನಿ ಭಾಷೆಯಲ್ಲೇ ಓದಿ ಕನ್ನಡದಲ್ಲಿ ಬರೆಯಬಲ್ಲವರನ್ನು ಹುಡುಕಿ ಬರೆಸಬೇಕೆಂದೂ, ‘ಡ್ರ್ಯಾಗನ್’ ಪದವನ್ನು ತಲೆಬರಹಗಳಿಂದ ಕೈಬಿಡಬೇಕೆಂದೂ ತಮ್ಮಲ್ಲಿ ವಿನಂತಿಸುತ್ತೇನೆ.

– ನಿವೃತ್ತ ಇತಿಹಾಸ ಶಿಕ್ಷಕ, ಕಾರವಾರ