ಶ್ರಾವಣ ಸ್ವಾಮಾರ, ಶುಗರ್ ಗುಳಗಿ, ನಮ್ಮವ್ವನ ನೆನಪು

ಸಂಪಾದಕರಿಗೆ ನಮಸ್ಕಾರ್ರಿ,

ಹ್ವಾದ ವಾರ ನಿಮ್ಮ ಪೇಪರಿನ್ಯಾಗ ಶುಗರ್ ಬಗ್ಗೆ ಒಂದು ಇಡೀ ಪುಟಾನ ಬಂದಿತ್ತು. ಕಣ್ಣಿಗೆ ಏನಾಕ್ಕೈತಿ, ಕಿಡ್ನಿಗೆ ಏನಾಕ್ಕೈತಿ, ಕಾಲಿನ ಗಾಯ ಯಾಕ ಮಾಯಂಗಿಲ್ಲ, ಎಲ್ಲಾ ಚಲೋ ಬರದಿದ್ರಿ, ಆದ್ರ ತಲಿ ಬಗ್ಗೆ, ಅಂದ್ರ ಮಿದುಳು, ನೆನಪು ಇವಕ್ಕ ಏನಾಕ್ಕೈತಿ ಅಂತ, ಒಂದು ಸಾಲೂ ಇರಲಿಲ್ಲ ನೋಡ್ರಿ. ಅದಕ್ಕ ಈ ಪತ್ರ, ಉದ್ದ ಆದ್ರ ಕತ್ತರಿ ಹಾಕ್ಕೋರಿ, ಆದ್ರ ಕಡೀ ಮಾತು ಮಾತ್ರ ಬಿಡಬ್ಯಾಡ್ರಿ.

ನಮ್ಮವ್ವಗ ಈಗ 71, ಶುಗರ್ ಬಂದು 20 ವರ್ಷದ ಮ್ಯಾಲಾತು. ಹ್ವಾದ ಶ್ರಾವಣದಾಗ ಒಂದು ಸ್ವಾಮಾರ ಉಪಾಸ ಇದ್ಳು. ಉಪಾಸ ಖರೆ, ಗುಳಗಿ ಮಾತ್ರ ರೂಢಿ ಪ್ರಕಾರ ಮುಂಜಾನೆನ ನುಂಗ್ಯಾಳ, ಹೊಟ್ಟಿಗೆ ಬರೇ ಅರ್ಧ ಕಪ್ ಸಕ್ಕರಿ ಇಲ್ಲದ ಚಾ. ಹನ್ನೊಂದರ ಸುಮಾರಿಗೆ ನೋಡಿದ್ರ ಜಂಪರೆಲ್ಲಾ ತೊಯ್ದು ತಪ್ಪಡಿ, ಕೈ ನಡಗಾಕತ್ತಾವ, ನನಗ ತೀರಿಕೊಂಡ ನಮ್ಮ ಸ್ವಾದರಮಾವನ ಹೆಸರು ಹಿಡದು "ಏಳೋ, ಮನೀಗೆ ಹೋಗೂಣು, ನೀರು ಬರಾಕತ್ತೈತಿ" ಅಂತಾಳ. ಆ ಮನಿ ಆಲಮಟ್ಟಿ ಹಿನ್ನೀರಾಗ ಹೋಗಿ ಯಾವ ಕಾಲಾತು, ನಾವೀಗ ಇರೋದು ನವನಗರದ ಸೆಕ್ಟರಿನ್ಯಾಗ. ಬಾಜೂ ಮನಿ ಕಾಕು ಬಂದು "ಅರವತ್ತಕ್ಕ ಅರಳುಮರಳು ಅಂತಾರಲ್ಲಪಾ, ವಯಸ್ಸಾತು ಬಿಡು" ಅಂದ್ರು, ನಾನೂ ಹೌದೇನೋ ಅಂದ್ಕೊಂಡೆ. ನನ್ನ ಹೇಣ್ತಿಗೆ ಮಾತ್ರ ಅನುಮಾನ ಬಂದು ಬಟ್ಟು ಚುಚ್ಚಿ ಮಷೀನಿಗೆ ಹಚ್ಚಿದ್ಳು. 48. 70ಕ್ಕಿಂತ ಕೆಳಗ ಬಂದ್ರನ ಲೋ ಶುಗರ್ ಅಂತಾರ. ಸಕ್ಕರಿ ನೀರು ಕುಡಿಸಿದ್ವಿ, ಕಾಲು ತಾಸಿನ್ಯಾಗ ಅವ್ವ ಸೆರಗು ಸರಿ ಮಾಡ್ಕೊಂಡು "ಯಾಕ ಎಲ್ಲಾರೂ ಹಿಂಗ ನಿಂತೀರಿ, ಪೂಜಾ ಆತೇನು?" ಅಂದ್ಳು. (ಎಚ್ಚರ ಇದ್ಳು ಅಂತ ಕುಡಿಸಿದ್ವಿ, ಎಚ್ಚರ ತಪ್ಪಿದವರ ಬಾಯಾಗ ಏನೂ ಹಾಕಬಾರದ್ರಿ, ಸೀದಾ ದವಾಖಾನಿಗೆ ಒಯ್ಯಬೇಕು.)

ಮಿದುಳು ಅನ್ನೋದು ನಮ್ಮ ತೂಕದಾಗ ನೂರಕ್ಕ ಎರಡು ಪಾಲು ಅಷ್ಟ, ಆದ್ರ ಮೈಯಾಗಿನ ಶಕ್ತಿ ಒಳಗ ಹತ್ತಿರ ಹತ್ತಿರ 20 ಪಾಲು ಅದೊಂದ ತಿಂತೈತಿ, ಅದೂ ಹೆಚ್ಚಾಗಿ ಸಕ್ಕರಿ ರೂಪದಾಗ. ಶುಗರ್ ಇಳೀತಂದ್ರ ಮೊದಲ ಅದಕ್ಕ ಹೊಡತ. ಇನ್ನ ವರ್ಷಾನುಗಟ್ಟಲೆ ಏರೇ ಇದ್ರ ಅಲ್ಲಿ ಸಣ್ಣ ಸಣ್ಣ ರಕ್ತನಾಳ ಕೆಡ್ತಾವ, ಕಣ್ಣಾಗ ಕಿಡ್ನ್ಯಾಗ ಕೆಡ್ತಾವಲ್ಲ ಹಂಗ, ಗೊತ್ತಾಗದಂಗ ಸಣ್ಣ ಸ್ಟ್ರೋಕೂ ಆಗಬಹುದು. ಟೈಪ್ 2 ಶುಗರ್ ಇದ್ದವರಿಗೆ ಮರೆವಿನ ಕಾಯಿಲೆ, ಅಂದ್ರ ಡಿಮೆನ್ಶಿಯಾ, ಬರೋ ಸಂಭವ ಉಳದವರಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಅಂತ ಬಹಳ ಅಧ್ಯಯನದಾಗ ಬಂದೈತಿ. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗ 2024ರಾಗ ಈ ಮರೆವಿಗೆ ನಾವು ತಡೀಬಹುದಾದ ಕಾರಣ 14 ಅಂತ ಪಟ್ಟಿ ಕೊಟ್ಟೈತಿ, ಅದರಾಗ ಶುಗರೂ ಒಂದು, ಬಿಪಿ ಒಂದು, ಕಿವಿ ಮಂದ ಆಗೋದೂ ಒಂದು. ಶುಗರ್ ಇದ್ದವರಿಗೆಲ್ಲಾ ಮರೆವು ಬಂದ ಬರ್ತೈತಿ ಅಂತಲ್ಲ ಮತ್ತ, ಹೆದರಬ್ಯಾಡ್ರಿ.

ನನ್ನ ತಪ್ಪೂ ಹೇಳಿಬಿಡ್ತೀನಿ. ಮೂರು ತಿಂಗಳ ಸರಾಸರಿ ತೋರಸೋ ಶುಗರ್ ಟೆಸ್ಟ್ (HbA1c) ಅಂತೈತಲ್ಲ, ಅವ್ವಂದು 6.1 ಬಂದಾಗ ಪರೀಕ್ಷೆದಾಗ ಮಗ ಫಸ್ಟ್ ಬಂದಂಗ ನಾನು ಫ್ಯಾಮಿಲಿ ವಾಟ್ಸಾಪಿಗೆ ಹಾಕಿದ್ದೆ. ಹುಗ್ಗಿ ಬ್ಯಾಡ, ಮಾದ್ಲಿ ಬ್ಯಾಡ, ಬಾಳೆಹಣ್ಣು ಬ್ಯಾಡ ಅಂತ ಒದರಿ ಒದರಿ ಆ ನಂಬರ್ ತಂದಿದ್ದೆ. ಆಮ್ಯಾಲ ಬ್ಯಾರೆ ಡಾಕ್ಟ್ರು ಹೇಳಿದ್ರು, ವಯಸ್ಸಾದವರಿಗೆ, ಅದರಾಗೂ ನೆನಪು ಸಡಿಲ ಆದವರಿಗೆ, ಇಷ್ಟು ಬಿಗಿ ಬ್ಯಾಡ, 8ರ ಒಳಗ ಇದ್ರ ಸಾಕಾಗಬಹುದು, ಬಿಗಿ ಹಿಡಿಯಾಕ ಹೋಗಿ ಲೋ ಆಗೋದು ಹೆಚ್ಚು ಅಪಾಯ ಅಂತ. ಅಮೆರಿಕಾದ ಅಕಾರ್ಡ್-ಮೈಂಡ್ ಅಧ್ಯಯನ 2011ರಾಗ ಬಂತು, ಅದರಾಗೂ ಶುಗರ್ ಅಗದೀ ಬಿಗಿ ಹಿಡದವರಿಗೆ ನೆನಪಿನ ಟೆಸ್ಟಿನ್ಯಾಗ ಏನೂ ಹೆಚ್ಚಿನ ಲಾಭ ಕಾಣಲಿಲ್ಲ.

ಆವತ್ತಿನ ಮ್ಯಾಲ ಅವ್ವನ್ನ ಸ್ವಲ್ಪ ಲಕ್ಷ್ಯ ಕೊಟ್ಟು ನೋಡಾಕತ್ತೀವಿ. ಪಲ್ಲೇಕ್ಕ ಎರಡು ಸಲ ಉಪ್ಪು ಬೀಳ್ತೈತಿ. ರೊಟ್ಟಿ ಬಡಿಯೋದು ಅಗದೀ ಮೊದಲಿನಂಗ, ತೆಳ್ಳಗ ದುಂಡಗ, ಎಷ್ಟಾದ್ವು ಅನ್ನೋದಷ್ಟ ತಪ್ಪತೈತಿ. ಗುಳಗಿ ಪಟ್ಟಿ ಎಣಸಿದ್ರ ಒಂದು ವಾರದಾಗ ಮೂರು ಹೆಚ್ಚಿಗೆ ಖಾಲಿ ಆಗ್ಯಾವ! ತಗೊಂಡಿದ್ದು ಮರತು ಮತ್ತ ತಗೊಂಡಾಳ, ಅದರಿಂದ ಶುಗರ್ ಇಳದೈತಿ, ಶುಗರ್ ಇಳದದ್ದಕ್ಕ ಮರೆವು ಮತ್ತಷ್ಟು, ಗಾಣದ ಎತ್ತು ತಿರಗಿದಂಗ. ಈಗ ಗುಳಗಿ ಡಬ್ಬಿ ಹೇಣ್ತಿ ಕೈಯಾಗೈತಿ, ಅದಕ್ಕೂ ಅವ್ವಗ ಸಿಟ್ಟು.

ಇನ್ನೊಂದು, ಮೆಟ್‌ಫಾರ್ಮಿನ್ ಅನ್ನೋ ಶುಗರ್ ಗುಳಗಿ ಬಹಳ ವರ್ಷ ತಗೊಂಡವರಿಗೆ ಬಿ12 ವಿಟಮಿನ್ ಕಡಿಮಿ ಆಗಬಹುದಂತ, ನಮ್ಮಂಗ ಬರೇ ಕಾಯಿಪಲ್ಲೆ ತಿನ್ನೋ ಮಂದಿಗೆ ಮದಲ ಕಡಿಮಿ. ಕಾಲು ಜುಮು ಜುಮು ಅನ್ನೋದು, ಮರೆವು, ಎರಡಕ್ಕೂ ಅದು ಕಾರಣ ಆಗಬಹುದು. 20 ವರ್ಷದಾಗ ಯಾರೂ ಆ ಟೆಸ್ಟ್ ಬರದಿರಲಿಲ್ಲ, ನಾವೂ ಕೇಳಿರಲಿಲ್ಲ. ಮಾಡಿಸಿದ್ರ ಅವ್ವಂದು ಕಡಿಮಿ ಬಂತು, ಇಂಜೆಕ್ಷನ್ ಆದ ಮ್ಯಾಲ ಕಾಲು ಹಗರಾದ್ವು, ನೆನಪು ಸ್ವಲ್ಪ ಸುಧಾರಿಸೇತಿ, ಪೂರಾ ಅಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರ ವರದಿ ಪ್ರಕಾರ ದೇಶದಾಗ 10 ಕೋಟಿ ಮಂದಿಗೆ ಶುಗರ್ ಐತಿ. ಈಗ ಸರ್ಕಾರದವರು ಮನಿ ಮನಿಗೆ ಬಂದು ಬಿಪಿ ಶುಗರ್ ನೋಡ್ತಾರಲ್ಲ, ಹಂಗ ಬಟ್ಟು ಚುಚ್ಚೋ ಮುಂದ ವಯಸ್ಸಾದವರ ಮನಿ ಮಂದಿಗೆ ಎರಡ ಮಾತು ಕೇಳ್ರಿ: ಗುಳಗಿ ಇವರಿಗೆ ಯಾರು ಕೊಡ್ತಾರ, ಇತ್ತೀಚೆಗೆ ಮರೆವು ಹೆಚ್ಚಾಗೇತೇನು. ಇದಕ್ಕ ಮಷೀನೂ ಬ್ಯಾಡ ರೊಕ್ಕಾನೂ ಬ್ಯಾಡ.

ಇನ್ನ ನಿಮ್ಮ ಕೆಲಸ. ನಮ್ಮ ಕಡೆ ಶ್ರಾವಣ, ನವರಾತ್ರಿ, ಏಕಾದಶಿ, ಶಿವರಾತ್ರಿ ಅಂತ ಉಪಾಸ ಬಾರಾ ತಿಂಗಳು ಇದ್ದದ್ದ, ಶ್ರೀಶೈಲಕ್ಕ ನಡಕೊಂತ ಹೋಗೋರಾಗೂ ಶುಗರ್ ಇದ್ದವರು ಕಡಿಮಿ ಇಲ್ಲ. ಉಪಾಸ ಬಿಡು ಅಂದ್ರ ಅವ್ವ ಬಿಡಾಕಿ ಅಲ್ಲ. ಈ ಸಲ ಡಾಕ್ಟ್ರು ಗುಳಗೀನ ಬದಲಿ ಮಾಡಿ, ಸ್ವಾಮಾರಕ್ಕ ಬ್ಯಾರೆ ಲೆಕ್ಕ ಬರದು ಕೊಟ್ಟಾರ. ಅದಕ್ಕ ಶ್ರಾವಣ ಹಿಡಿಯೋಕಿಂತ ಒಂದು ವಾರ ಮೊದಲ "ಉಪಾಸದ ದಿನ ಶುಗರ್ ಗುಳಗಿ ಹೆಂಗ ತಗೋಬೇಕು, ನಿಮ್ಮ ಡಾಕ್ಟ್ರಿಗೆ ಮೊದಲ ಕೇಳ್ರಿ" ಅಂತ ದೊಡ್ಡ ಅಕ್ಷರದಾಗ ಹಾಕ್ರಿ. ಆರೋಗ್ಯ ಪುಟದಾಗ ಬ್ಯಾಡ್ರಿ, ರಾಶಿ ಭವಿಷ್ಯದ ಬಾಜೂಕ ಹಾಕ್ರಿ, ನಮ್ಮವ್ವ ಓದೋದು ಅದೊಂದ.

ಇಂತಿ ನಿಮ್ಮ ಓದುಗ,
ನವನಗರ, ಬಾಗಲಕೋಟಿ