ಪಾಯಿಂಟ್‌ಗೆ ಹೋದರೆ ಆ ಇಟ್ಟಿಗೆ ಮನೆ ನೋಡದೆ ಬರಬೇಡ

ಚಿ. ಪುಟ್ಟೂಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಶಿವಮೊಗ್ಗದಲ್ಲಿ ಎಲ್ಲರೂ ಕ್ಷೇಮ. ನೀನು ಪಿಟ್ಸ್‌ಬರ್ಗ್‌ಗೆ ಹೋಗಿ ವರ್ಷವಾಗುತ್ತಾ ಬಂತು. ವೆಂಕಟೇಶ್ವರ ದೇವಸ್ಥಾನಕ್ಕೆ ನಾಲ್ಕು ಸಲ ಹೋಗಿಬಂದೆ ಅಂದೆ, ಸಂತೋಷ. ಎರಡು ನದಿ ಸೇರುವ ಮೂಲೆಯಲ್ಲಿರುವ ಪಾಯಿಂಟ್ ಸ್ಟೇಟ್ ಪಾರ್ಕ್ ನೋಡಿದೆಯಾ ಅಂದರೆ "ಅದೊಂದು ಪಾರ್ಕ್ ಅಷ್ಟೇ ದೊಡ್ಡಪ್ಪ" ಅಂದೆಯಲ್ಲ, ಅದಕ್ಕೇ ಈ ಕಾಗದ. ಫೋನಲ್ಲಿ ಹೇಳಿದರೆ ಬರೀ ಹೂಂ ಹೂಂ ಅಂತೀಯ.

ನಿನ್ನಕ್ಕ ಅಲ್ಲಿದ್ದಾಗ ಮೊದಲ ಸಲ ಹೋದ ನಾನೂ ದಡ್ಡನೇ. ತುದಿಯ ಕಾರಂಜಿಯ ಮುಂದೆ ನಿಂತು ಹನ್ನೆರಡು ಫೋಟೋ ತೆಗೆಸಿಕೊಂಡೆ. ನೂರೈವತ್ತು ಅಡಿ ಎತ್ತರಕ್ಕೆ ಚಿಮ್ಮುವ ನೀರು, ಗಾಳಿ ತಿರುಗಿ ನನ್ನ ಕೋಟು ಪೂರ್ತಿ ಒದ್ದೆ. ಬರುವಾಗ ದಾರಿ ಪಕ್ಕ ಒಂದು ಇಟ್ಟಿಗೆ ಮನೆ ಕಂಡಿತು. ವಾಚ್‌ಮನ್ ಕೋಣೆ ಇರಬೇಕು ಅಂತ ತಿರುಗಿಯೂ ನೋಡಲಿಲ್ಲ. ಮನೆಗೆ ಬಂದ ಮೇಲೆ ಗೊತ್ತಾಯಿತು, ಊರಿನಲ್ಲೇ ಅತಿ ಹಳೆಯ ಕಟ್ಟಡ ಅದು!

ಮೊದಲು ತುದಿಗೇ ಹೋಗು, ಬೇಡ ಅನ್ನುವುದಿಲ್ಲ. ನಮ್ಮ ಕೂಡಲಿಯಲ್ಲಿ ತುಂಗೆ ಭದ್ರೆ ಸೇರಿದರೂ ಇಬ್ಬರ ಹೆಸರೂ ಉಳಿಯುತ್ತದೆ. ಅಲ್ಲಿ ಅಲೆಗೆನಿ, ಮೊನೊಂಗಹೀಲಾ ಎರಡೂ ಹೆಸರು ಕಳೆದುಕೊಂಡು ಒಹಾಯೊ ಆಗುತ್ತವೆ. ಅಲ್ಲಿಂದ ಸುಮಾರು 1,580 ಕಿಲೋಮೀಟರ್ ಹರಿದು ಮಿಸಿಸಿಪ್ಪಿ ಸೇರುತ್ತದೆ. ರಸ್ತೆಯೇ ಇಲ್ಲದ ಕಾಲದಲ್ಲಿ ಆ ಮೂಲೆ ಹಿಡಿದವನಿಗೆ ಒಳನಾಡಿನ ಬಾಗಿಲೇ ಸಿಕ್ಕಂತೆ, ಅಲ್ವಾ?

1753ರಲ್ಲಿ ಇಪ್ಪತ್ತೊಂದರ ಹುಡುಗ ಜಾರ್ಜ್ ವಾಷಿಂಗ್ಟನ್ ಅಲ್ಲಿ ನಿಂತು, ಕೋಟೆಗೆ ಒಳ್ಳೆ ಜಾಗ ಅಂತ ಬರೆದುಕೊಂಡ. ನಿನಗಿಂತ ಚಿಕ್ಕವನು. ಮರುವರ್ಷ ವರ್ಜೀನಿಯಾದವರು ಕೋಟೆ ಕಟ್ಟಲು ಶುರು ಮಾಡಿದರು. ಫ್ರೆಂಚರು ಅವರನ್ನು ಓಡಿಸಿ ತಮ್ಮದೇ ಡುಕೇನ್ ಕೋಟೆ ಎಬ್ಬಿಸಿದರು. 1758ರ ನವೆಂಬರ್‌ನಲ್ಲಿ ಬ್ರಿಟಿಷ್ ಸೇನೆ ಬಂದಾಗ ಫ್ರೆಂಚರು ಕೋಟೆ ಸುಟ್ಟು ಜಾಗ ಖಾಲಿ ಮಾಡಿದ್ದರು. ಜನರಲ್ ಫೋರ್ಬ್ಸ್ ಆ ಜಾಗಕ್ಕೆ ಬ್ರಿಟನ್ನಿನ ಮಂತ್ರಿ ವಿಲಿಯಂ ಪಿಟ್ ಹೆಸರಿಟ್ಟ. ನಿನ್ನ ಊರು ಹುಟ್ಟಿದ್ದು ಹೀಗೆ. ಆ ಸುಟ್ಟ ಕೋಟೆಯ ಗೆರೆಯನ್ನು ಹುಲ್ಲಿನಲ್ಲಿ ಕಲ್ಲು ಹಾಸಿ ತೋರಿಸಿದ್ದಾರೆ, ಜನ ಅದರ ಮೇಲೇ ಚಾಪೆ ಹಾಸಿ ಮಲಗಿರುತ್ತಾರೆ.

ಈಗ ಆ ಮನೆಯ ವಿಷಯ. ಬ್ಲಾಕ್ ಹೌಸ್ ಅನ್ನುತ್ತಾರೆ. 1764ರಲ್ಲಿ ಕರ್ನಲ್ ಬೊಕೆ ಕಟ್ಟಿಸಿದ್ದು. ಬ್ರಿಟಿಷರು ಅಲ್ಲಿ ಕಟ್ಟಿದ್ದ ಫೋರ್ಟ್ ಪಿಟ್ ಕೋಟೆ ಹೋಯಿತು, ಇದು ಉಳಿಯಿತು. ಎಷ್ಟೋ ವರ್ಷ ಜನ ಅದರೊಳಗೇ ಸಂಸಾರ ಮಾಡಿದರು. ಇಟ್ಟಿಗೆ ಗೋಡೆಯ ನಡುವೆ ದಪ್ಪ ಮರದ ತೊಲೆ ಸುತ್ತಿ ಬರುತ್ತದೆ. ಅದರಲ್ಲಿ ಸಾಲಾಗಿ ಕಿಂಡಿಗಳು, ಬಂದೂಕಿನ ನಳಿಗೆ ತೂರಿಸಲು. ಎರಡನೇ ಸಲ ಹೋದಾಗ ಒಂದಕ್ಕೆ ಕಣ್ಣಿಟ್ಟು ನೋಡಿದೆ. ಅಂಗೈಯಗಲದ ಬೆಳಕು, ಅಷ್ಟೇ. ಹೊರಗೆ ಇದ್ದವರು ಯಾರು ಅಂತ ಯೋಚಿಸು.

ಹಿಂದಿನ ವರ್ಷ, 1763ರ ಜೂನ್‌ನಲ್ಲಿ, ಅಲ್ಲಿನ ಮೂಲನಿವಾಸಿಗಳು ಫೋರ್ಟ್ ಪಿಟ್ ಕೋಟೆಯನ್ನು ಮುತ್ತಿದ್ದಾಗ, ಮಾತುಕತೆಗೆ ಬಂದ ಅವರ ಪೈಕಿ ಇಬ್ಬರು ಲೆನಾಪೆ ಜನಕ್ಕೆ ಒಳಗಿನವರು ಎರಡು ಕಂಬಳಿ, ಒಂದು ಕರ್ಚೀಫು ಕೊಟ್ಟು ಕಳಿಸಿದರು. ಸಿಡುಬಿನ ಆಸ್ಪತ್ರೆಯಿಂದ ತಂದದ್ದು. ರೋಗ ಹರಡಲಿ ಅಂತ, ಬೇಕಂತಲೇ. ಅಲ್ಲಿದ್ದ ವ್ಯಾಪಾರಿ ವಿಲಿಯಂ ಟ್ರೆಂಟ್ ತನ್ನ ದಿನಚರಿಯಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಪಕ್ಕದಲ್ಲೇ ಫೋರ್ಟ್ ಪಿಟ್ ಮ್ಯೂಸಿಯಂ ಇದೆ, ಟಿಕೆಟ್ಟಿಗೆ ಜಿಪುಣತನ ಮಾಡಬೇಡ. ನನಗೆ ಅಂದು ಕಾರಂಜಿ ಹತ್ತಿರ ಮತ್ತೆ ಹೋಗಲು ಮನಸ್ಸಾಗಲಿಲ್ಲ. ಮೊನೊಂಗಹೀಲಾ ಕಡೆ ಮೆಟ್ಟಿಲ ಮೇಲೆ ಸುಮ್ನೆ ಕೂತಿದ್ದೆ.

ಡೌನ್‌ಟೌನ್ ಒಳಗೆ ಟ್ರಾಮಿಗೆ ದುಡ್ಡು ಕೊಡಬೇಕಿಲ್ಲ, ಗೇಟ್‌ವೇ ಸ್ಟೇಷನ್‌ನಲ್ಲಿ ಇಳಿದರೆ ನಡೆಯುವ ದೂರ. ಒಬ್ಬನೇ ಹೋಗು, ಗುಂಪು ಕಟ್ಟಿಕೊಂಡರೆ ತಿಂಡಿಯದ್ದೇ ಮಾತಾಗುತ್ತದೆ. ಸ್ವೆಟರ್ ಮರೆಯಬೇಡ, ತುದಿಯಲ್ಲಿ ಗಾಳಿ ಜಾಸ್ತಿ. ಆ ಕಿಂಡಿಯದ್ದು ಒಂದು ಫೋಟೋ ಕಳಿಸು. ಕಾರಂಜಿಯದ್ದು ಬೇಡ, ನನ್ನ ಹತ್ತಿರ ಹನ್ನೆರಡು ಇವೆ.

ಇಂತಿ,
ನಿನ್ನ ದೊಡ್ಡಪ್ಪ